ಜೋಡಿ ಮಿದುಳಿನ ಗಣಕಯಂತ್ರಕ್ಕೆ ನಂಬುಗೆಯ ವಿದ್ಯುತ್ತು

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿರುವ ದೇವರಗುಡ್ಡವು ಮಾಲತೇಶ ಸ್ವಾಮಿಯ ಸನ್ನಿಧಿಯಿಂದ ಪ್ರಸಿದ್ಧವಾದ ಊರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವವರು ರಾಣೆಬೆನ್ನೂರಿಗೂ ಬ್ಯಾಡಗಿಗೂ ನಡುವೆ ಇದೇ ಹೆಸರಿನ ನಿಲ್ದಾಣವನ್ನು ಕಂಡಿರಬಹುದು. ದಸರೆಯ ಸಮಯದಲ್ಲಿ ಇಲ್ಲಿ ಸಾವಿರಾರು ಜನ ಸೇರುತ್ತಾರೆ. ನೆಟ್ಟಗೆ ಎತ್ತಿ ಹಿಡಿದ ದೊಡ್ಡ ಬಿಲ್ಲನ್ನು ಗೊರವಯ್ಯನು ಏರಿ ನಿಂತು 'ಸದ್ದಲೇ' ಎಂದು ಕೂಗಿದೊಡನೆ ಅಷ್ಟು ದೊಡ್ಡ ಜನಸ್ತೋಮ ಒಮ್ಮೆಲೇ ಮೌನವಾಗುತ್ತದೆ. ಆ ಮೌನದಲ್ಲಿ ಆತನು ನುಡಿಯುವ ಒಂದು ವಾಕ್ಯವೇ ಕಾರ್ಣಿಕ. ಮುಂದಿನ ದಿನಗಳ ಮಳೆ ಬೆಳೆಗಳ ಸೂಚನೆಯನ್ನು ರೈತರು ಆ ನುಡಿಯಲ್ಲಿ ಹುಡುಕುತ್ತಾರೆ.

ಅದೇ ಮಳೆಯನ್ನು ಇಂದು ವಿಜ್ಞಾನವೂ ತನ್ನ ರೀತಿಯಲ್ಲಿ ಹಿಂಬಾಲಿಸುತ್ತಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ನಿಲ್ಲಿಸಿದೆ. ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಪಡೆದು ನಡೆಯುವ ಈ ಉಪಕರಣಗಳು ತಾವು ಅಳೆದ ಮಳೆಯ ಲೆಕ್ಕವನ್ನು ತಾವಾಗಿಯೇ ಬೆಂಗಳೂರಿಗೆ ಕಳುಹಿಸುತ್ತವೆ. ದೇಶದ ಹವಾಮಾನದ ಮುನ್ಸೂಚನೆಯನ್ನು ಗುಣಿಸುವ ಕೆಲಸಕ್ಕೆ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ 2018ರಲ್ಲಿ 'ಪ್ರತ್ಯೂಷ್' ಎಂಬ ಮಹಾಗಣಕವೂ, 2024ರಲ್ಲಿ 'ಅರ್ಕ' ಎಂಬ ಇನ್ನೂ ದೊಡ್ಡ ಗಣಕವೂ ಸ್ಥಾಪನೆಯಾದುವು.

ಕಾರ್ಣಿಕದ ನಂಬಿಕೆಯನ್ನು ಇಲ್ಲಿ ಚರ್ಚಿಸುವ ಉದ್ದೇಶ ನಮಗಿಲ್ಲ. ಆದರೆ ದೇವರಗುಡ್ಡದ ಆ ನೋಟದಲ್ಲಿ ಗಣಕಯಂತ್ರವನ್ನು ಕಟ್ಟುವವರು ಗಮನಿಸಬೇಕಾದ ಎರಡು ಸಂಗತಿಗಳುಂಟು. ಎಲ್ಲರ ಕಣ್ಣೂ ಬಿಲ್ಲನ್ನೇರಿದವನ ಮೇಲಿರುತ್ತದೆ. ಕೆಳಗೆ ಬಿಲ್ಲನ್ನು ಹಿಡಿದು ನಿಂತವರನ್ನು ನೋಡುವವರು ಕಡಿಮೆ. ಅವರ ಹಿಡಿತ ಸಡಿಲವಾದರೆ ಮೇಲಿನವನು ನಿಲ್ಲಲಾರ. ಎರಡನೆಯದಾಗಿ, ಗದ್ದಲ ನಿಲ್ಲದಿದ್ದರೆ ನುಡಿದ ಮಾತು ಸರಿಯಾಗಿ ಕೇಳುವುದಿಲ್ಲ. ಗಣಕಯಂತ್ರದಲ್ಲಿ ಬಿಲ್ಲನ್ನು ಹಿಡಿದು ನಿಲ್ಲುವ, ಗದ್ದಲವನ್ನು ಅಡಗಿಸುವ ಈ ಎರಡು ಕೆಲಸಗಳನ್ನೂ ಮಾಡುವುದು ಅದರ ಮೂಲೆಯಲ್ಲಿ ಕುಳಿತಿರುವ ತಗಡಿನ ಪೆಟ್ಟಿಗೆ. ಪವರ್ ಸಪ್ಲೈ ಎಂದೂ, ಅಂಗಡಿಗಳಲ್ಲಿ ಎಸ್.ಎಂ.ಪಿ.ಎಸ್. ಎಂದೂ ಕರೆಯುವುದು ಇದನ್ನೇ. ಯಂತ್ರವನ್ನು ಕೊಳ್ಳುವಾಗ ಕಟ್ಟಕಡೆಗೆ, ಉಳಿದ ಹಣದಲ್ಲಿ ಆರಿಸುವ ಭಾಗವೂ ಸಾಮಾನ್ಯವಾಗಿ ಇದೇ. ಈ ಕ್ರಮ ತಲೆಕೆಳಗಾದುದು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಎರಡು ಪ್ರೊಸೆಸರುಗಳ ಯಂತ್ರ

ಮನೆಗಳಲ್ಲಿ ಬಳಸುವ ಗಣಕಯಂತ್ರದಲ್ಲಿ ಪ್ರೊಸೆಸರ್ ಎಂಬ ಮಿದುಳು ಒಂದೇ ಇರುತ್ತದೆ. ದೊಡ್ಡ ಲೆಕ್ಕಗಳಿಗಾಗಿ ನಿರ್ಮಿಸಿದ ಯಂತ್ರಗಳಲ್ಲಿ ಒಂದೇ ಮದರ್‌ಬೋರ್ಡಿನ ಮೇಲೆ ಎರಡು ಪ್ರೊಸೆಸರುಗಳನ್ನು ಕೂರಿಸುವುದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪಿತವಾದ 'ಸಹಸ್ರಟಿ' ಎಂಬ ಮಹಾಗಣಕವು ಇಂಥ ಜೋಡಿಗಳಿಂದಲೇ ಕಟ್ಟಲ್ಪಟ್ಟಿತ್ತು. ಅದರ 1376 ಲೆಕ್ಕದ ಘಟಕಗಳಲ್ಲಿ ಪ್ರತಿಯೊಂದರಲ್ಲಿಯೂ ಹನ್ನೆರಡು ಹನ್ನೆರಡು ಗರ್ಭಗಳುಳ್ಳ ಎರಡು ಪ್ರೊಸೆಸರುಗಳು; ಒಟ್ಟು 33,024 ಗರ್ಭಗಳು. ಅದೇ ಸಂಸ್ಥೆಯಲ್ಲಿ 2022ರಲ್ಲಿ ಕೆಲಸವನ್ನಾರಂಭಿಸಿದ 'ಪರಮ್ ಪ್ರವೇಗ'ದಲ್ಲಿಯೂ ಜೋಡಿ ಪ್ರೊಸೆಸರುಗಳ ಘಟಕಗಳಿವೆ.

ಇಂಥ ಯಂತ್ರ ವಿದ್ಯಾರ್ಥಿಗಳ ಕೈಗೆಟುಕದ್ದೆಂದು ತಿಳಿಯಬೇಕಾಗಿಲ್ಲ. ದೊಡ್ಡ ಸಂಸ್ಥೆಗಳು ಕೆಲವು ವರ್ಷಗಳಿಗೊಮ್ಮೆ ತಮ್ಮ ಸರ್ವರುಗಳನ್ನು ಬದಲಾಯಿಸುವುದರಿಂದ, ಹತ್ತು ವರ್ಷಗಳ ಹಿಂದೆ ಬಹಳ ಬೆಲೆ ಬಾಳುತ್ತಿದ್ದ ಪ್ರೊಸೆಸರುಗಳು ಇಂದು ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಅಗ್ಗವಾಗಿ ದೊರೆಯುತ್ತವೆ. ರಾಣೆಬೆನ್ನೂರಿನ ಕಾಲೇಜೊಂದರ ವಿದ್ಯಾರ್ಥಿಗಳು ಕೂಡಿ ಅಂಥದೊಂದು ಯಂತ್ರವನ್ನು ಕಟ್ಟಲು ನಿಶ್ಚಯಿಸಿದರೆಂದು ಭಾವಿಸೋಣ. ತಾಲ್ಲೂಕಿನ ಹತ್ತಾರು ವರ್ಷಗಳ ಮಳೆಯ ದಾಖಲೆಗಳನ್ನು ಅಳೆದು ತೂಗುವುದು, ಮೆಣಸಿನ ಗಿಡದ ಎಲೆಯ ಚಿತ್ರವನ್ನು ನೋಡಿ ರೋಗವನ್ನು ಗುರುತಿಸುವಂತೆ ಯಂತ್ರಕ್ಕೆ ಕಲಿಸುವುದು ಇವರ ಆಸೆ. ಇಂಥ ಲೆಕ್ಕಗಳು ಗಂಟೆಗಟ್ಟಲೆಯಲ್ಲ, ಒಮ್ಮೊಮ್ಮೆ ದಿನಗಟ್ಟಲೆ ನಡೆಯುತ್ತವೆ. ಅರವತ್ತನೆಯ ಗಂಟೆಯಲ್ಲಿ ಯಂತ್ರ ನಿಂತುಹೋದರೆ ಐವತ್ತೊಂಬತ್ತು ಗಂಟೆಗಳ ಶ್ರಮ ವ್ಯರ್ಥವಾಗಬಹುದು. ಇದಕ್ಕಿಂತ ಕೆಟ್ಟದು ಇನ್ನೊಂದಿದೆ: ಯಂತ್ರ ನಿಲ್ಲದೆ, ಅಲ್ಲೊಂದು ಇಲ್ಲೊಂದು ಅಂಕಿಯನ್ನು ತಪ್ಪಾಗಿ ಬರೆದುಕೊಂಡು, ನೋಡುವುದಕ್ಕೆ ಸರಿಯಾಗಿಯೇ ಕಾಣುವ ಉತ್ತರವನ್ನು ಕೊಡುವುದು.

230 ವೋಲ್ಟಿನಿಂದ 12 ವೋಲ್ಟಿಗೆ

ನಮ್ಮ ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟಿನ ಪರ್ಯಾಯ ಪ್ರವಾಹ. ಅದು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಗಣಕಯಂತ್ರಕ್ಕೆ ಬೇಕಾದುದು ಏರಿಳಿತವಿಲ್ಲದ, ಒಂದೇ ದಿಕ್ಕಿನ, 12, 5 ಮತ್ತು 3.3 ವೋಲ್ಟುಗಳ ಪ್ರವಾಹ. ಈ ಬದಲಾವಣೆ ಹೇಗಾಗುತ್ತದೆಂಬುದನ್ನು ಸ್ಥೂಲವಾಗಿ ತಿಳಿದುಕೊಂಡರೆ ಆಯ್ಕೆಯ ಕೆಲಸ ಅರ್ಧ ಮುಗಿದಂತೆಯೇ.

ಮೊದಲು ಡಯೋಡುಗಳು ಪರ್ಯಾಯ ಪ್ರವಾಹವನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. 230 ವೋಲ್ಟಿನ ಅಲೆಯ ತುದಿ 325 ವೋಲ್ಟನ್ನು ಮುಟ್ಟುತ್ತದೆ. ಒಳ್ಳೆಯ ಪೆಟ್ಟಿಗೆಗಳಲ್ಲಿ ಮುಂದಿನ ವಿದ್ಯುನ್ಮಂಡಲವೊಂದು ಇದನ್ನು ಸುಮಾರು 380ರಿಂದ 400 ವೋಲ್ಟಿಗೆ ಏರಿಸಿ, ಒಂದು ದೊಡ್ಡ ಕೆಪ್ಯಾಸಿಟರಿನಲ್ಲಿ ತುಂಬಿಡುತ್ತದೆ. ಆಮೇಲೆ ಟ್ರಾನ್ಸಿಸ್ಟರುಗಳು ಈ ವಿದ್ಯುತ್ತನ್ನು ಸೆಕೆಂಡಿಗೆ ಸುಮಾರು ಒಂದು ಲಕ್ಷ ಸಲ ಕತ್ತರಿಸಿ ಚಿಕ್ಕ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತವೆ. ಕಂಪನದ ಸಂಖ್ಯೆ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರು ಚಿಕ್ಕದಾಗಬಲ್ಲದು. ಊರಿನ ಕಂಬದ ಮೇಲೆ ಕುಳಿತ ಟಿ.ಸಿ.ಯ ತತ್ತ್ವವೇ ಇಲ್ಲಿ ಅಂಗೈಯಲ್ಲಿ ಅಡಗುವಷ್ಟಾಗಿರುವುದು ಈ ಕಾರಣದಿಂದ. ಕೊನೆಗೆ ಹೊರಬಂದ 12 ವೋಲ್ಟನ್ನು ಸೋಸಿ, ಅದರ ಮಟ್ಟವನ್ನು ಸದಾ ಅಳೆಯುತ್ತ, ಹೆಚ್ಚಾದರೆ ತಗ್ಗಿಸಿ ಕಡಮೆಯಾದರೆ ಏರಿಸುವ ವ್ಯವಸ್ಥೆಯಿರುತ್ತದೆ.

ಪ್ರೊಸೆಸರಿಗೆ ಬೇಕಾದುದು 12 ವೋಲ್ಟೂ ಅಲ್ಲ. ಮೇಲೆ ಹೇಳಿದ ಸಹಸ್ರಟಿಯಲ್ಲಿದ್ದಂಥ ಪ್ರೊಸೆಸರು ಸುಮಾರು 1.8 ವೋಲ್ಟಿನಲ್ಲಿ 120 ವಾಟುಗಳನ್ನು ಬಳಸುತ್ತದೆ. ಎಂದರೆ 67 ಆಂಪಿಯರುಗಳ ಪ್ರವಾಹ! ಇಷ್ಟು ಪ್ರವಾಹವನ್ನು ಪೆಟ್ಟಿಗೆಯಿಂದಲೇ ತಂತಿಗಳಲ್ಲಿ ಕಳುಹಿಸಿದರೆ ತಂತಿಗಳು ಬಿಸಿಯಾಗಿ ಶಕ್ತಿ ನಷ್ಟವಾಗುತ್ತದೆ. 12 ವೋಲ್ಟಿನಲ್ಲಿ ಕಳುಹಿಸಿದರೆ ಅದೇ 120 ವಾಟುಗಳಿಗೆ 10 ಆಂಪಿಯರು ಸಾಕು. ಆದುದರಿಂದ 12 ವೋಲ್ಟನ್ನು ಪ್ರೊಸೆಸರಿನ ಪಕ್ಕದವರೆಗೂ ತಂದು, ಅಲ್ಲಿ ಮದರ್‌ಬೋರ್ಡಿನ ಮೇಲೆಯೇ ಇಳಿಸುತ್ತಾರೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದಾಗ ಹೆಚ್ಚಿನ ವೋಲ್ಟೇಜನ್ನು ಬಳಸಿದುದಕ್ಕೂ ಕಾರಣ ಇದೇ. ದೂರ 147 ಕಿಲೋಮೀಟರಿದ್ದರೂ ಸರಿ, ಒಂದು ಮೊಳವಿದ್ದರೂ ಸರಿ, ನಿಯಮ ಒಂದೇ: ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಆಗುವ ನಷ್ಟ ನಾಲ್ಮಡಿಯಾಗುತ್ತದೆ.

ಬೇಕಾದುದು ಎಷ್ಟು?

ಈಗ ನಮ್ಮ ವಿದ್ಯಾರ್ಥಿಗಳ ಯಂತ್ರದ ಲೆಕ್ಕವನ್ನು ಬರೆಯೋಣ. ಎರಡು ಪ್ರೊಸೆಸರುಗಳಿಗೆ 240 ವಾಟು. ಬೋರ್ಡಿನ ಮೇಲೆ ವೋಲ್ಟೇಜನ್ನು ಇಳಿಸುವಾಗ ನೂರಕ್ಕೆ ಹತ್ತರಷ್ಟು ನಷ್ಟವೆಂದು ಹಿಡಿದರೆ ಪೆಟ್ಟಿಗೆಯಿಂದ 267 ವಾಟು ಹೊರಡಬೇಕು. ಎಂಟು ಮೆಮೊರಿ ಪಟ್ಟಿಗಳಿಗೆ 40, ಮದರ್‌ಬೋರ್ಡಿಗೆ 40, ಫ್ಯಾನುಗಳಿಗೆ 20, ಎರಡು ಹಾರ್ಡ್ ಡಿಸ್ಕುಗಳಿಗೆ 20, ಒಂದು ಎಸ್.ಎಸ್.ಡಿ.ಗೆ 10, ಬೋರ್ಡಿನಿಂದಲೇ ವಿದ್ಯುತ್ತನ್ನು ಪಡೆಯುವ ಚಿಕ್ಕ ಗ್ರಾಫಿಕ್ಸ್ ಕಾರ್ಡಿಗೆ 75. ಒಟ್ಟು 472 ವಾಟುಗಳು.

ಹಾಗಾದರೆ 500 ವಾಟಿನ ಪೆಟ್ಟಿಗೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಪ್ರೊಸೆಸರಿನ ಹೆಸರಿನೊಡನೆ ಬರೆದಿರುವ 120 ವಾಟು ಅದರ ಶಾಖವನ್ನು ಹೊರಹಾಕುವ ಏರ್ಪಾಡಿಗಾಗಿ ಗೊತ್ತುಮಾಡಿದ ಅಳತೆ. ಕೆಲಸದ ಭರದಲ್ಲಿ ಅದು ಸ್ವಲ್ಪ ಹೊತ್ತು ಇದನ್ನು ಮೀರಬಲ್ಲದು. ಹಾರ್ಡ್ ಡಿಸ್ಕು ತಿರುಗಲಾರಂಭಿಸುವಾಗ, ಎತ್ತಿನ ಗಾಡಿ ಮೊದಲ ಹೆಜ್ಜೆಗೆ ಹೆಚ್ಚು ಬಲವನ್ನು ಬೇಡುವಂತೆ, ಮಾಮೂಲಿಗಿಂತ ಎರಡು ಮೂರು ಪಟ್ಟು ಶಕ್ತಿಯನ್ನು ಎಳೆಯುತ್ತದೆ. ಪೆಟ್ಟಿಗೆಯೂ ವಯಸ್ಸಾದಂತೆ ಬಲಗುಂದುತ್ತದೆ. ಈ ಕಾರಣಗಳಿಂದ ಲೆಕ್ಕಕ್ಕಿಂತ ಮೂರನೆಯ ಒಂದು ಪಾಲಿನಷ್ಟಾದರೂ ಹೆಚ್ಚಾಗಿರುವ, ಎಂದರೆ ಸುಮಾರು 650 ವಾಟಿನ ಪೆಟ್ಟಿಗೆಯನ್ನು ಆರಿಸುವುದು ಯುಕ್ತ. ಹಾಗೆಂದು 1200 ವಾಟಿನದನ್ನು ತರುವುದರಿಂದ ಯಂತ್ರ ವೇಗವಾಗಿ ಓಡುವುದಿಲ್ಲ. ಪೆಟ್ಟಿಗೆಯ ಮೇಲೆ ಬರೆದಿರುವುದು ಅದು ಕೊಡಬಲ್ಲ ಗರಿಷ್ಠ ಶಕ್ತಿಯೇ ಹೊರತು ಸದಾ ಸುರಿಯುವ ಶಕ್ತಿಯಲ್ಲ. ಬಾವಿ ಎಷ್ಟು ದೊಡ್ಡದಾದರೂ ಸೇದಿದಷ್ಟೇ ನೀರು ಮೇಲೆ ಬರುವುದು.

ಚೀಟಿಯನ್ನು ಓದುವ ಬಗೆ

ಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಿರುವ ಚೀಟಿಯಲ್ಲಿ ದೊಡ್ಡ ಅಕ್ಷರದ ವಾಟಿಗಿಂತ ಸಣ್ಣ ಅಕ್ಷರದ ಕೋಷ್ಟಕ ಮುಖ್ಯವಾದುದು. ನಮ್ಮ ಯಂತ್ರದ 472 ವಾಟುಗಳಲ್ಲಿ 400ಕ್ಕೂ ಹೆಚ್ಚು ವಾಟುಗಳು 12 ವೋಲ್ಟಿನಲ್ಲಿಯೇ ಹೋಗಬೇಕು. ಅದಕ್ಕೆ 33 ಆಂಪಿಯರಿಗೂ ಮಿಕ್ಕ ಪ್ರವಾಹ ಬೇಕು. 650 ವಾಟೆಂದು ಬರೆದ ಎರಡು ಪೆಟ್ಟಿಗೆಗಳನ್ನು ಹೋಲಿಸಿ ನೋಡಿ. ಒಂದರ ಕೋಷ್ಟಕದಲ್ಲಿ 12 ವೋಲ್ಟಿಗೆ 54 ಆಂಪಿಯರ್ ಎಂದಿದೆ. ಗುಣಿಸಿದರೆ 648 ವಾಟು. ಎಂದರೆ ಹೆಚ್ಚುಕಡಮೆ ಪೂರ್ಣಶಕ್ತಿಯನ್ನೂ ಅದು 12 ವೋಲ್ಟಿನಲ್ಲಿ ಕೊಡಬಲ್ಲದು. ಇನ್ನೊಂದರಲ್ಲಿ 30 ಆಂಪಿಯರ್ ಎಂದಿದೆ. ಅದು 360 ವಾಟು ಮಾತ್ರ. ಉಳಿದುದನ್ನು ನಮಗೆ ಹೆಚ್ಚಾಗಿ ಬೇಡವಾದ 5 ಮತ್ತು 3.3 ವೋಲ್ಟುಗಳ ಸಾಲಿನಲ್ಲಿ ತುಂಬಿಸಿ ಮೊತ್ತವನ್ನು ದೊಡ್ಡದು ಮಾಡಿರುತ್ತಾರೆ. ಎರಡನೆಯ ಪೆಟ್ಟಿಗೆಯಲ್ಲಿ ನಮ್ಮ ಯಂತ್ರ ಹೊತ್ತಿಕೊಳ್ಳುತ್ತದೆ, ಪತ್ರಗಳನ್ನು ಬರೆಯುವಾಗ ಸರಿಯಾಗಿಯೂ ನಡೆಯುತ್ತದೆ. ಆದರೆ ಎರಡು ಪ್ರೊಸೆಸರುಗಳೂ ಒಟ್ಟಿಗೆ ದುಡಿಯಲಾರಂಭಿಸಿದ ಕ್ಷಣದಲ್ಲಿ ಕುಸಿಯುತ್ತದೆ.

ಚೀಟಿಯ ಮೇಲೆ '80 ಪ್ಲಸ್' ಎಂಬ ಮುದ್ರೆಯನ್ನು ಕಾಣಬಹುದು. 2004ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಪರೀಕ್ಷಾಕ್ರಮವು ಪೆಟ್ಟಿಗೆಯು ಗೋಡೆಯಿಂದ ಎಳೆದ ಶಕ್ತಿಯಲ್ಲಿ ಎಷ್ಟನ್ನು ಯಂತ್ರಕ್ಕೆ ಮುಟ್ಟಿಸುತ್ತದೆಂಬುದನ್ನು ಹೇಳುತ್ತದೆ. 472 ವಾಟಿಗೆ, ನೂರಕ್ಕೆ 80ರ ದಕ್ಷತೆಯ ಪೆಟ್ಟಿಗೆ 590 ವಾಟನ್ನು ಎಳೆದರೆ, 90ರ ದಕ್ಷತೆಯದು 524 ವಾಟನ್ನು ಎಳೆಯುತ್ತದೆ. ದಿನಕ್ಕೆ 10 ಗಂಟೆ ನಡೆಸಿದರೆ ತಿಂಗಳಿಗೆ ಸುಮಾರು 20 ಯೂನಿಟ್ಟುಗಳ ಉಳಿತಾಯ. ಅಷ್ಟೇ ಅಲ್ಲ, ನಷ್ಟವಾದ ಶಕ್ತಿಯೆಲ್ಲ ಪೆಟ್ಟಿಗೆಯೊಳಗೇ ಶಾಖವಾಗುತ್ತದೆ: ಮೊದಲನೆಯದರಲ್ಲಿ 118 ವಾಟು, ಎರಡನೆಯದರಲ್ಲಿ 52. ಆದರೆ ಒಂದು ಮಾತನ್ನು ಮರೆಯಬಾರದು. ಈ ಮುದ್ರೆ ಮಿತವ್ಯಯದ ಪ್ರಮಾಣಪತ್ರವೇ ಹೊರತು ಬಾಳಿಕೆಯ ಪ್ರಮಾಣಪತ್ರವಲ್ಲ.

ಎರಡು ಮಿದುಳಿಗೆ ಎರಡು ಜೋಡಣೆ

ಜೋಡಿ ಪ್ರೊಸೆಸರಿನ ಬೋರ್ಡಿಗೆ ಇನ್ನೊಂದು ವಿಶೇಷ ಅಗತ್ಯವಿದೆ. ಎ.ಟಿ.ಎಕ್ಸ್. ಎಂಬ ಕ್ರಮವು 1995ರಲ್ಲಿ ಬಂದಂದಿನಿಂದ ಮದರ್‌ಬೋರ್ಡಿಗೆ ಒಂದು ದೊಡ್ಡ ಜೋಡಣೆಯಿದೆ. ಈಗ ಅದರಲ್ಲಿ 24 ಕಡ್ಡಿಗಳು. ಪ್ರೊಸೆಸರಿಗೆ ಬೇರೆಯೇ ಜೋಡಣೆ. ಸರ್ವರುಗಳಿಗಾಗಿ ರೂಪಿಸಿದ ಇ.ಪಿ.ಎಸ್. ಕ್ರಮದಲ್ಲಿ ಇದು ಎಂಟು ಕಡ್ಡಿಗಳದು: ನಾಲ್ಕು 12 ವೋಲ್ಟಿಗೆ, ನಾಲ್ಕು ಹಿಂದಿರುಗುವ ದಾರಿಗೆ. ಎರಡು ಪ್ರೊಸೆಸರುಗಳಿಗೆ ಇಂಥ ಎರಡು ಜೋಡಣೆಗಳು ಬೇಕು. ಮನೆಬಳಕೆಯ ಅನೇಕ ಪೆಟ್ಟಿಗೆಗಳಲ್ಲಿ ಇರುವುದು ಒಂದೇ.

ಇಲ್ಲಿ ಎರಡು ಅಪಾಯಗಳಿವೆ. ಗ್ರಾಫಿಕ್ಸ್ ಕಾರ್ಡಿಗೂ ಎಂಟು ಕಡ್ಡಿಗಳ ಜೋಡಣೆ ಇದೆ. ನೋಡಲು ಒಂದೇ ತರಹ. ಆದರೆ ಅದರಲ್ಲಿ 12 ವೋಲ್ಟೂ ಹಿಂದಿರುಗುವ ದಾರಿಯೂ ಇರುವ ಸ್ಥಾನಗಳು ಬೇರೆ. ಹೊಂದದುದನ್ನು ಬಲವಂತವಾಗಿ ತುರುಕಿದರೆ ಬೋರ್ಡು ಸುಡುತ್ತದೆ. ಎರಡನೆಯದು, ಬಿಚ್ಚಿ ಹಾಕುವ ಕೇಬಲ್ಲುಗಳಿರುವ ಪೆಟ್ಟಿಗೆಗಳಲ್ಲಿ ಯಂತ್ರದ ಕಡೆಯ ತುದಿ ಎಲ್ಲರಲ್ಲಿಯೂ ಒಂದೇ ಆಗಿದ್ದರೂ ಪೆಟ್ಟಿಗೆಯ ಕಡೆಯ ತುದಿಗೆ ಸರ್ವಸಮ್ಮತವಾದ ಕ್ರಮವಿಲ್ಲ. ಒಂದು ಕಂಪನಿಯ ಕೇಬಲ್ಲು ಇನ್ನೊಂದರ ಪೆಟ್ಟಿಗೆಯಲ್ಲಿ ಸಲೀಸಾಗಿ ಕೂರಬಹುದು. 5 ವೋಲ್ಟು ಬೇಕಾದಲ್ಲಿ 12 ವೋಲ್ಟು ಬಂದು ಡಿಸ್ಕುಗಳೂ ಅವುಗಳಲ್ಲಿನ ವರ್ಷಗಳ ಕೆಲಸವೂ ಕ್ಷಣದಲ್ಲಿ ಹಾಳಾಗಬಹುದು. ಆದುದರಿಂದ ಪೆಟ್ಟಿಗೆಯ ಜೊತೆ ಬಂದ ಕೇಬಲ್ಲುಗಳನ್ನೇ ಬಳಸಬೇಕು.

ಸದ್ದಡಗಿದ ವಿದ್ಯುತ್ತು

ಗಣಕಯಂತ್ರದೊಳಗೆ ಎಲ್ಲ ಮಾತೂ ವೋಲ್ಟೇಜಿನ ಭಾಷೆಯಲ್ಲಿ ನಡೆಯುತ್ತದೆ. ಒಂದು ಮಟ್ಟಕ್ಕಿಂತ ಮೇಲಿದ್ದರೆ 'ಒಂದು', ಕೆಳಗಿದ್ದರೆ 'ಸೊನ್ನೆ'. ವಿದ್ಯುತ್ತಿನ ಮಟ್ಟವೇ ತೂಗಾಡುತ್ತಿದ್ದರೆ ಒಂದು ಸೊನ್ನೆಯಾಗಿಯೂ ಸೊನ್ನೆ ಒಂದಾಗಿಯೂ ಕೇಳಿಸಬಹುದು. ಎ.ಟಿ.ಎಕ್ಸ್. ಕ್ರಮದ ಪ್ರಕಾರ 12 ವೋಲ್ಟಿನ ಸಾಲು 11.4ಕ್ಕಿಂತ ಕೆಳಗೆ ಇಳಿಯಬಾರದು, 12.6ನ್ನು ಮೀರಬಾರದು. ಆ ಮಟ್ಟದ ಮೇಲೆ ಕಾಣುವ ಸಣ್ಣ ಅಲೆಗಳು 12 ವೋಲ್ಟಿನಲ್ಲಿ 120 ಮಿಲಿವೋಲ್ಟನ್ನೂ, 5 ಮತ್ತು 3.3 ವೋಲ್ಟುಗಳಲ್ಲಿ 50 ಮಿಲಿವೋಲ್ಟನ್ನೂ ದಾಟಬಾರದು. ಒಳ್ಳೆಯ ಪೆಟ್ಟಿಗೆಗಳು ಈ ಮಿತಿಗಿಂತ ಬಹಳ ಕೆಳಗೇ ನಿಲ್ಲುತ್ತವೆ. ಕೀಳು ಪೆಟ್ಟಿಗೆಗಳಲ್ಲಿ ಸೋಸುವ ಸುರುಳಿಗಳನ್ನೂ ಕೆಪ್ಯಾಸಿಟರುಗಳನ್ನೂ ಉಳಿತಾಯ ಮಾಡಿರುವುದರಿಂದ ಭಾರ ಹೆಚ್ಚಿದಂತೆಲ್ಲ ಗದ್ದಲವೂ ಹೆಚ್ಚುತ್ತದೆ.

ಎರಡು ಪ್ರೊಸೆಸರುಗಳ ಯಂತ್ರದಲ್ಲಿ ಈ ಪರೀಕ್ಷೆ ಇನ್ನೂ ಕಠಿಣ. ಎರಡೂ ಸುಮ್ಮನಿದ್ದು ಒಟ್ಟಿಗೇ ಕೆಲಸಕ್ಕೆ ತೊಡಗಿದಾಗ ಕಣ್ಣೆವೆಯಿಕ್ಕುವುದರೊಳಗೆ 200 ವಾಟುಗಳಷ್ಟು ಭಾರ ಏರಬಹುದು. ಸರ್ವರುಗಳಲ್ಲಿ ಬಳಸುವ ಇ.ಸಿ.ಸಿ. ಮೆಮೊರಿಯು ಒಂದು ಅಂಕಿಯ ತಪ್ಪನ್ನು ತಾನೇ ಕಂಡುಹಿಡಿದು ತಿದ್ದಿಕೊಳ್ಳಬಲ್ಲದು. ಆದರೆ ತಪ್ಪಿನ ಮೂಲ ವಿದ್ಯುತ್ತಿನಲ್ಲಿದ್ದರೆ ಎಷ್ಟನ್ನೆಂದು ತಿದ್ದೀತು?

ಪೆಟ್ಟಿಗೆಗೂ ತನ್ನದೇ ಆದ 'ಸದ್ದಲೇ' ಇದೆ. ಗುಂಡಿಯನ್ನು ಒತ್ತಿದೊಡನೆ ಪ್ರೊಸೆಸರು ಏಳುವುದಿಲ್ಲ. ಎಲ್ಲ ಸಾಲುಗಳೂ ತಮ್ಮ ಮಟ್ಟವನ್ನು ಮುಟ್ಟಿದ ಮೇಲೆ, ಸೆಕೆಂಡಿನ ಹತ್ತನೆಯ ಒಂದು ಭಾಗದಿಂದ ಅರ್ಧ ಸೆಕೆಂಡಿನವರೆಗೆ ಕಾದು, 'ವಿದ್ಯುತ್ತು ಸರಿಯಿದೆ' ಎಂಬ ಸಂಕೇತವನ್ನು ಪೆಟ್ಟಿಗೆಯು ಬೋರ್ಡಿಗೆ ಕೊಡುತ್ತದೆ. ಅನಂತರವೇ ಲೆಕ್ಕ ಆರಂಭ. ಅಗ್ಗದ ಕೆಲವು ಪೆಟ್ಟಿಗೆಗಳು ಏನನ್ನೂ ಅಳೆಯದೆ ಈ ಸಂಕೇತವನ್ನು ಕೊಟ್ಟುಬಿಡುತ್ತವೆ. ಗದ್ದಲ ಅಡಗುವ ಮುನ್ನವೇ ಮಾತು ಹೊರಟಂತೆ.

ಕ್ಷಣಮಾತ್ರದ ಕತ್ತಲೆ

ದೀಪ ಒಮ್ಮೆ ಮಿಣುಕಿ ಮತ್ತೆ ಬೆಳಗಿದುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಮಿಣುಕಿನಲ್ಲಿ ಯಂತ್ರ ಉಳಿಯುವುದೂ ಅಳಿಯುವುದೂ ಮೊದಲೇ ಹೇಳಿದ ದೊಡ್ಡ ಕೆಪ್ಯಾಸಿಟರಿನ ಮೇಲೆ ನಿಂತಿದೆ. ಅದು 390 ಮೈಕ್ರೋಫ್ಯಾರಡಿನದಾಗಿದ್ದು 390 ವೋಲ್ಟಿಗೆ ತುಂಬಿದೆಯೆಂದು ಇಟ್ಟುಕೊಳ್ಳೋಣ. ಧಾರಣ ಸಾಮರ್ಥ್ಯವನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಅದರಲ್ಲಿರುವ ಶಕ್ತಿ ದೊರೆಯುತ್ತದೆ: ಸುಮಾರು 30 ಜೌಲು. ವೋಲ್ಟೇಜು 300ಕ್ಕೆ ಇಳಿಯುವವರೆಗೆ ಪೆಟ್ಟಿಗೆ ಕೆಲಸ ಮಾಡಬಲ್ಲದಾದರೆ, ಅಷ್ಟರಲ್ಲಿ 12 ಜೌಲುಗಳು ಬಳಕೆಗೆ ಬರುತ್ತವೆ. ಸೆಕೆಂಡಿಗೆ 524 ಜೌಲುಗಳನ್ನು ಎಳೆಯುವ ನಮ್ಮ ಯಂತ್ರ ಇದರಿಂದ 23 ಮಿಲಿಸೆಕೆಂಡು ನಡೆಯುತ್ತದೆ. ಪರ್ಯಾಯ ಪ್ರವಾಹದ ಒಂದು ಅಲೆಗೆ ಹಿಡಿಯುವ ಕಾಲ 20 ಮಿಲಿಸೆಕೆಂಡು. ಎಂದರೆ ಒಂದು ಅಲೆ ಪೂರ್ತಿ ಮಾಯವಾದರೂ ಲೆಕ್ಕ ನಿಲ್ಲದು. ಕೆಪ್ಯಾಸಿಟರು ಇದರ ಅರ್ಧದಷ್ಟೇ ಇದ್ದರೆ ನಿಲ್ಲುತ್ತದೆ.

ಇದಕ್ಕೂ ಯು.ಪಿ.ಎಸ್. ಗೂ ನೇರ ಸಂಬಂಧವಿದೆ. ಸಾಮಾನ್ಯ ಯು.ಪಿ.ಎಸ್. ಕರೆಂಟು ಹೋದುದನ್ನು ತಿಳಿದು ಬ್ಯಾಟರಿಗೆ ಬದಲಾಗಲು ಹತ್ತು ಮಿಲಿಸೆಕೆಂಡಿನವರೆಗೆ ತೆಗೆದುಕೊಳ್ಳುತ್ತದೆ. ಮನೆಯ ದೀಪ ಫ್ಯಾನುಗಳಿಗಾಗಿ ಇಟ್ಟ ಇನ್ವರ್ಟರು ಇನ್ನೂ ಹೆಚ್ಚು ಕಾಲವನ್ನು ತೆಗೆದುಕೊಳ್ಳಬಹುದು. ಆ ಅಂತರವನ್ನು ದಾಟಿಸುವ ಕಿರುಸೇತುವೆಯೇ ಕೆಪ್ಯಾಸಿಟರು. ಯು.ಪಿ.ಎಸ್.ನ ಅಳತೆಯಲ್ಲಿಯೂ ಎಚ್ಚರ ಬೇಕು. 600 ವಿ.ಎ. ಎಂದು ಬರೆದ ಚಿಕ್ಕ ಯು.ಪಿ.ಎಸ್.ಗಳು ಸಾಮಾನ್ಯವಾಗಿ 360 ವಾಟನ್ನು ಮಾತ್ರ ಹೊರಬಲ್ಲವು. ನಮ್ಮ ಯಂತ್ರಕ್ಕೆ 1000 ವಿ.ಎ. ಗಿಂತ ಕಡಮೆಯದು ಸಾಲದು; ಅದರಿಂದ ಹೊರಡುವ ಅಲೆ ಚೌಕಾಕಾರದ್ದಾಗಿರದೆ ನಯವಾದ ಸೈನ್ ಅಲೆಯಾಗಿದ್ದರೆ ಇನ್ನೂ ಮೇಲು. ಹೊಸ ಮಾದರಿಯ ಕೆಲವು ಪೆಟ್ಟಿಗೆಗಳು ಚೌಕದ ಅಲೆಯಲ್ಲಿ ಸರಿಯಾಗಿ ನಡೆಯುವುದಿಲ್ಲ.

ಹಳ್ಳಿಯ ಲೈನು

ಹಾವೇರಿ ಜಿಲ್ಲೆಗೆ ವಿದ್ಯುತ್ತನ್ನು ಹಂಚುವುದು ಹುಬ್ಬಳ್ಳಿಯಲ್ಲಿ ಕೇಂದ್ರವಿರುವ ಹೆಸ್ಕಾಂ. ನಿರಂತರ ಜ್ಯೋತಿ ಯೋಜನೆಯಲ್ಲಿ ರಾಜ್ಯದ ಅನೇಕ ಕಡೆ ಊರಿನ ಮನೆಗಳ ಲೈನನ್ನೂ ಹೊಲಗಳ ಪಂಪುಸೆಟ್ಟುಗಳ ಲೈನನ್ನೂ ಬೇರ್ಪಡಿಸಿದ ಮೇಲೆ ಹಳ್ಳಿಯ ಮನೆಗಳ ಸ್ಥಿತಿ ಸುಧಾರಿಸಿತು. ಆದರೂ ತೋಟದ ಮನೆಗಳಲ್ಲಿಯೂ ಉದ್ದವಾದ ಲೈನಿನ ಕೊನೆಯಲ್ಲಿಯೂ ವೋಲ್ಟೇಜು ಏರಿಳಿಯುವುದುಂಟು. ಮೂರು ಫೇಸಿನ ಕರೆಂಟು ಬಂದೊಡನೆ ಹತ್ತಾರು ಪಂಪುಗಳು ಒಟ್ಟಿಗೆ ಹೊರಡುತ್ತವೆ. ಮೋಟಾರು ಹೊರಡುವಾಗ ತನ್ನ ಮಾಮೂಲಿನ ಐದಾರು ಪಟ್ಟು ಪ್ರವಾಹವನ್ನು ಎಳೆಯುವುದರಿಂದ ಆ ಕ್ಷಣದಲ್ಲಿ ದೀಪಗಳು ಮಂಕಾಗುತ್ತವೆ.

ಇದನ್ನು ಕಂಡವರು ಮೊದಲು ಹೆದರುವುದು ಕಡಮೆ ವೋಲ್ಟೇಜಿಗೆ. ಆದರೆ 100ರಿಂದ 240 ವೋಲ್ಟಿನವರೆಗೆ ಎಂದು ಬರೆದಿರುವ ಒಳ್ಳೆಯ ಪೆಟ್ಟಿಗೆಗೆ ಇದು ದೊಡ್ಡ ಕಷ್ಟವಲ್ಲ. ವೋಲ್ಟೇಜು 160ಕ್ಕೆ ಇಳಿದರೆ ಅದು 2.3 ಆಂಪಿಯರಿನ ಬದಲು 3.3 ಆಂಪಿಯರನ್ನು ಎಳೆದುಕೊಂಡು ತನ್ನ ಕೆಲಸವನ್ನು ಮುಂದುವರಿಸುತ್ತದೆ. ನಿಜವಾದ ಶತ್ರು ಹೆಚ್ಚಿನ ವೋಲ್ಟೇಜು. ಗಾಳಿಗೋ ತುಕ್ಕಿಗೋ ಲೈನಿನ ನ್ಯೂಟ್ರಲ್ ತಂತಿ ಕಡಿದುಹೋದರೆ ಒಂದು ಫೇಸಿನ ಮನೆಗೆ 230ರ ಬದಲು 400 ವೋಲ್ಟಿನ ಹತ್ತಿರದವರೆಗೂ ಬರಬಹುದು. ಈ ಪೆಟ್ಟಿಗೆಗಳು ಸಹಿಸುವ ಮಿತಿ ಸುಮಾರು 264 ವೋಲ್ಟು. ಆದುದರಿಂದ ಹಳೆಯ ಕಾಲದ ಸ್ಟೆಬಿಲೈಸರಿಗಿಂತ, ವೋಲ್ಟೇಜು ಮಿತಿ ಮೀರಿದೊಡನೆ ಸಂಪರ್ಕವನ್ನೇ ಕತ್ತರಿಸುವ ಸಾಧನ ಮೇಲಾದುದು. ಸಿಡಿಲಿನ ಆಘಾತವನ್ನು ತಡೆಯುವ ಸಾಧನವೂ ಇರಬೇಕು. ಇವೆರಡಕ್ಕಿಂತ ಮೊದಲು ಮನೆಯ ಅರ್ಥಿಂಗ್ ಸರಿಯಾಗಿರಬೇಕು. ಮೂರನೆಯ ಕಡ್ಡಿಗೆ ತಂತಿಯನ್ನೇ ಸೇರಿಸದ ಪ್ಲಗ್ಗಿನಲ್ಲಿ ಯಾವ ರಕ್ಷಣೆಯೂ ಪೂರ್ಣವಾಗದು.

ಪೆಟ್ಟಿಗೆಯೊಳಗೂ ರಕ್ಷಣೆಗಳಿರುತ್ತವೆ: ಪ್ರವಾಹ ಮಿತಿಮೀರಿದರೆ, ವೋಲ್ಟೇಜು ಏರಿದರೆ ಅಥವಾ ಇಳಿದರೆ, ತಂತಿಗಳು ಒಂದಕ್ಕೊಂದು ತಗಲಿದರೆ, ಶಾಖ ಹೆಚ್ಚಿದರೆ ತಾನಾಗಿ ನಿಲ್ಲುವುದು. ಕೊಳ್ಳುವಾಗ ಇವೆಲ್ಲವೂ ಇವೆಯೇ ಎಂದು ಓದಿ ನೋಡಬೇಕು. ಒಳ್ಳೆಯ ಪೆಟ್ಟಿಗೆ ಕೆಟ್ಟರೆ ತಾನೊಂದೇ ಕೆಡುತ್ತದೆ. ಕೀಳಾದುದು ಕೆಟ್ಟರೆ ಬೋರ್ಡು, ಪ್ರೊಸೆಸರು, ಡಿಸ್ಕುಗಳನ್ನೂ ಜೊತೆಗೆ ಕೊಂಡೊಯ್ಯುತ್ತದೆ.

ಶಾಖ ಮತ್ತು ಬಾಳಿಕೆ

ಪೆಟ್ಟಿಗೆಯ ಆಯುಷ್ಯವನ್ನು ನಿರ್ಣಯಿಸುವುದು ಅದರ ಕೆಪ್ಯಾಸಿಟರುಗಳು. ಅವುಗಳಲ್ಲಿರುವ ದ್ರವವು ಶಾಖಕ್ಕೆ ನಿಧಾನವಾಗಿ ಆರುತ್ತ ಹೋಗುತ್ತದೆ. ಉಷ್ಣತೆ 10 ಡಿಗ್ರಿ ಇಳಿದರೆ ಬಾಳಿಕೆ ಇಮ್ಮಡಿಯಾಗುತ್ತದೆಂಬುದು ಎಂಜಿನಿಯರುಗಳು ಬಳಸುವ ಸ್ಥೂಲ ನಿಯಮ. ಆದುದರಿಂದ 85 ಡಿಗ್ರಿಗಿಂತ 105 ಡಿಗ್ರಿಯ ಕೆಪ್ಯಾಸಿಟರುಗಳುಳ್ಳ ಪೆಟ್ಟಿಗೆ ಉತ್ತಮ. ಘೋಷಿಸಿದ ವಾಟುಗಳನ್ನು ಯಾವ ಉಷ್ಣತೆಯಲ್ಲಿ ಕೊಡಬಲ್ಲದೆಂಬುದೂ ಮುಖ್ಯ. 25 ಡಿಗ್ರಿಯಲ್ಲಿ 650 ವಾಟನ್ನು ಕೊಡುವುದು ಸುಲಭ. ನಮ್ಮ ಬಯಲುಸೀಮೆಯ ಬೇಸಿಗೆಯ ಮಧ್ಯಾಹ್ನದಲ್ಲಿ, ಯಂತ್ರದ ಬಿಸಿಗಾಳಿಯ ನಡುವೆ, 40 ಅಥವಾ 50 ಡಿಗ್ರಿಯಲ್ಲಿ ಅದನ್ನು ಕೊಡುವುದೇ ಪರೀಕ್ಷೆ. ಮೆಣಸಿನ ಘಾಟೂ ಹೊಲದ ಧೂಳೂ ಬೆರೆತ ಗಾಳಿಯಲ್ಲಿ ಫ್ಯಾನಿನ ಬಾಯಿ ಬೇಗ ಮುಚ್ಚಿಕೊಳ್ಳುತ್ತದೆ. ಕೆಲವು ತಿಂಗಳಿಗೊಮ್ಮೆ ಹೊರಗಿನಿಂದಲೇ ಧೂಳನ್ನು ತೆಗೆಯಬೇಕು. ಪೆಟ್ಟಿಗೆಯನ್ನು ಮಾತ್ರ ಬಿಚ್ಚಬಾರದು. ಪ್ಲಗ್ಗನ್ನು ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರು ಪ್ರಾಣಾಪಾಯವನ್ನುಂಟುಮಾಡುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು.

ಪ್ರೊಸೆಸರು ಎರಡಾದುದರಿಂದ ಪೆಟ್ಟಿಗೆಯೂ ಎರಡಿರಬೇಕೇ ಎಂಬ ಸಂಶಯ ಕೆಲವರಿಗೆ ಬರುವುದು ಸಹಜ. ಇವೆರಡಕ್ಕೂ ಸಂಬಂಧವಿಲ್ಲ. ಸರ್ವರುಗಳಲ್ಲಿ ಎರಡು ಪೆಟ್ಟಿಗೆಗಳಿರುವುದು ಒಂದು ಕೆಟ್ಟರೆ ಇನ್ನೊಂದು ಪೂರ್ಣ ಭಾರವನ್ನು ಹೊರಲೆಂದು. ಆಸ್ಪತ್ರೆ, ಬ್ಯಾಂಕು ಮೊದಲಾದ ಒಂದು ಕ್ಷಣವೂ ನಿಲ್ಲಬಾರದ ಕಡೆಗಳಲ್ಲಿ ಇದು ಅಗತ್ಯ. ವಿದ್ಯಾರ್ಥಿಗಳ ಯಂತ್ರಕ್ಕೆ ಎರಡು ಕೀಳು ಪೆಟ್ಟಿಗೆಗಳಿಗಿಂತ ಒಂದು ಒಳ್ಳೆಯ ಪೆಟ್ಟಿಗೆಯೇ ಸಾಕು. ಅದರ ಜೊತೆಗೆ, ಲೆಕ್ಕ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಗಂಟೆಗೊಮ್ಮೆ ಡಿಸ್ಕಿನಲ್ಲಿ ಬರೆದಿಡುವ ಅಭ್ಯಾಸವನ್ನು ಇಟ್ಟುಕೊಂಡರೆ, ಕರೆಂಟು ಬಹಳ ಹೊತ್ತು ಹೋದರೂ ನಷ್ಟವಾಗುವುದು ಒಂದು ಗಂಟೆಯ ಕೆಲಸ ಮಾತ್ರ.

ಹಾಗಾದರೆ ಆಯ್ಕೆಯ ಕ್ರಮ ಹೇಗಿರಬೇಕು? ಮೊದಲು ಯಂತ್ರಕ್ಕೆ ಬೇಕಾದ ವಾಟುಗಳನ್ನು ಕಾಗದದ ಮೇಲೆ ಬರೆದು ಕೂಡಿಸಬೇಕು. ಆಮೇಲೆ 12 ವೋಲ್ಟಿನ ಸಾಲಿನ ಆಂಪಿಯರುಗಳನ್ನು ನೋಡಬೇಕು. ಎಂಟು ಕಡ್ಡಿಗಳ ಎರಡು ಪ್ರೊಸೆಸರ್ ಜೋಡಣೆಗಳಿವೆಯೇ, ಯಾವ ಉಷ್ಣತೆಯಲ್ಲಿ ಪೂರ್ಣ ಶಕ್ತಿ, ಕರೆಂಟು ಹೋದಾಗ ಎಷ್ಟು ಮಿಲಿಸೆಕೆಂಡಿನ ಆಸರೆ, ಯಾವ ಯಾವ ರಕ್ಷಣೆಗಳು, ಎಷ್ಟು ವರ್ಷಗಳ ಭರವಸೆ ಎಂದು ಒಂದೊಂದನ್ನೇ ಕೇಳಬೇಕು. ದಕ್ಷತೆಯ ಮುದ್ರೆಯೂ ಬೆಲೆಯೂ ಇವುಗಳ ಅನಂತರ. ಇಷ್ಟನ್ನೂ ಪೂರೈಸುವ ಪೆಟ್ಟಿಗೆಗೆ ಹಣ ಸಾಲದಿದ್ದರೆ ಪ್ರೊಸೆಸರಿನ ವೇಗದಲ್ಲಿ ಒಂದು ಮೆಟ್ಟಿಲು ಇಳಿಯುವುದು ಜಾಣತನ. ನಿಧಾನವಾದ ಯಂತ್ರ ಉತ್ತರವನ್ನು ನಾಳೆ ಕೊಟ್ಟೀತು. ವಿದ್ಯುತ್ತು ಸರಿಯಿಲ್ಲದ ಯಂತ್ರ ಇಂದು ಕೊಟ್ಟ ಉತ್ತರವನ್ನೂ ನಂಬುವಂತಿಲ್ಲ.